ಧೂಮಕೇತು ಕಂಡ ರೈತ, ಮುಚ್ಚಿಟ್ಟ ಪಂಡಿತ

1997ರ ಏಪ್ರಿಲ್. ಶಾಲೆಗೆ ರಜೆ ಬಿದ್ದಿತ್ತು. ಕರೆಂಟ್ ಹೋದ ಒಂದು ಸಂಜೆ ಮನೆಯ ಹುಡುಗರೆಲ್ಲ ಮಾಳಗಿ ಹತ್ತಿ ಕೂತಿದ್ದೆವು. ಅಜ್ಜ ಹೊತ್ತು ಮುಳುಗಿದ ಕಡೆಯಿಂದ ಸ್ವಲ್ಪ ಬಲಕ್ಕೆ ಕೈ ಮಾಡಿ, "ತಮ್ಮಾ, ಅಲ್ಲಿ ನೋಡು, ಬಾಲದ ಚಿಕ್ಕಿ" ಅಂದ. ಕಂಡಿತು. ಮಸಿ ಹಿಡಿದ ಲಾಟೀನಿನ ಗಾಜಿನೊಳಗೆ ದೀಪ ಇಟ್ಟಹಾಗೆ ಮಬ್ಬು ಬೆಳಕು, ಅದರ ಹಿಂದೆ ಕಸಬರಿಗೆ ಬಿಚ್ಚಿ ಹರವಿದಂಥ ಬಾಲ. ಅಜ್ಜಿ ಮಾತ್ರ ಕೆಳಗಿನಿಂದಲೇ "ಒಳಗ ಬರ್ರಿ, ಅದನ್ನ ನೋಡಬಾರ್ದು" ಎಂದು ಕೂಗುತ್ತಿದ್ದಳು.

ಅದರ ಹೆಸರು ಹೇಲ್-ಬಾಪ್ ಎಂದು ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ, ಪತ್ರಿಕೋದ್ಯಮ ಡಿಪ್ಲೊಮಾ ಓದುವಾಗ. ಹೇಲ್ ಮತ್ತು ಬಾಪ್ ಅದನ್ನು ಮೊದಲು ಕಂಡ ಇಬ್ಬರ ಹೆಸರು. ಹೇಲ್ ಖಗೋಳಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವರು. ಬಾಪ್ ಕಟ್ಟಡ ಸಾಮಗ್ರಿ ಮಾರುವ ಕಂಪನಿಯಲ್ಲಿ ಕೆಲಸಕ್ಕಿದ್ದವರು. ಅವರ ಹತ್ತಿರ ಸ್ವಂತ ಟೆಲಿಸ್ಕೋಪ್ ಕೂಡ ಇರಲಿಲ್ಲ, ಗೆಳೆಯನ ಟೆಲಿಸ್ಕೋಪಿನಲ್ಲಿ ಇಣುಕಿದಾಗ ಕಂಡದ್ದು ಅದು. ಇದನ್ನು ಓದಿದಾಗ ನನಗೆ ಧೂಮಕೇತುವಿಗಿಂತ ಬಾಪ್ ಅವರ ಮೇಲೆಯೇ ಆಸಕ್ತಿ ಹುಟ್ಟಿತು. ಊರುಕೇರಿಯಲ್ಲಿ ಕಂಡದ್ದನ್ನು ದೂರದ ಕಚೇರಿಗೆ ಮುಟ್ಟಿಸಿ ಹೊಟ್ಟೆ ಹೊರೆಯುವ ಸ್ಟ್ರಿಂಗರ್ ನಾನು. ಕಂಡವನು ಯಾರಿಗೆ ಹೇಳಿದ, ಸುದ್ದಿ ಮುಟ್ಟಲು ಎಷ್ಟು ದಿನ ಹಿಡಿಯಿತು, ಅವನ ಮಾತನ್ನು ನಂಬಿದವರು ಯಾರು, ಕೊನೆಗೆ ಹೆಸರು ಯಾರದಾಯಿತು ಎಂಬುದೇ ನನ್ನ ತಲೆಯಲ್ಲಿ ಮೊದಲು ಓಡುವ ಪ್ರಶ್ನೆಗಳು. ಹುಡುಕುತ್ತಾ ಹೋದಾಗ ಸಿಕ್ಕ ಕಥೆ ಇಲ್ಲಿದೆ.

ಅದಕ್ಕೂ ಮೊದಲು ಎರಡು ಮಾತು. ಧೂಮಕೇತು ಎಂದರೆ ಹಿಮ ಮತ್ತು ದೂಳಿನ ಗಡ್ಡೆ. ಸೂರ್ಯನ ಹತ್ತಿರ ಬಂದಾಗ ಹಿಮ ಆವಿಯಾಗಿ ಬಾಲ ಮೂಡುತ್ತದೆ. ಕ್ಷುದ್ರಗ್ರಹ ಹೆಚ್ಚಾಗಿ ಕಲ್ಲು, ಅದಕ್ಕೆ ಬಾಲ ಇಲ್ಲ. ಎರಡೂ ಸೂರ್ಯನ ಸುತ್ತ ತಮ್ಮ ದಾರಿಯಲ್ಲಿ ಓಡುತ್ತಿರುತ್ತವೆ. ಆ ದಾರಿ ಗೊತ್ತಾಗಬೇಕಾದರೆ ಒಂದು ಸಲ ಕಂಡರೆ ಸಾಲದು. ರಸ್ತೆಯಲ್ಲಿ ಒಂದು ಚಕ್ಕಡಿ ಕಂಡಿತು ಎಂದಷ್ಟೇ ಹೇಳಿದರೆ ಅದು ಎಲ್ಲಿಗೆ ಹೊರಟಿದೆ ಎಂದು ಹೇಗೆ ಹೇಳುವುದು? ಮೂರು ಊರಿನವರು ಮೂರು ಹೊತ್ತಿನಲ್ಲಿ ಅದನ್ನು ಎಲ್ಲೆಲ್ಲಿ ಕಂಡೆವು ಎಂದು ಹೇಳಿದರೆ ಆಗ ಲೆಕ್ಕ ಸಿಗುತ್ತದೆ. ಆಕಾಶದಲ್ಲೂ ಹಾಗೆಯೇ. ಬೇರೆ ಬೇರೆ ರಾತ್ರಿಯ ಕನಿಷ್ಠ ಮೂರು ಗುರುತು ಬೇಕು. ಒಂದೂರಿನಲ್ಲಿ ಮೋಡ ಕವಿದರೆ ಇನ್ನೊಂದೂರಿನವರು ನೋಡಿರಬೇಕು. ಅದಕ್ಕೇ ಈ ವಿದ್ಯೆ ಒಬ್ಬರಿಂದ ಆಗುವುದಲ್ಲ.

ಈಗ 1758ಕ್ಕೆ ಹೋಗೋಣ.

ಇಂಗ್ಲೆಂಡಿನ ಎಡ್ಮಂಡ್ ಹ್ಯಾಲಿ 1705ರಲ್ಲಿ ಒಂದು ಲೆಕ್ಕ ಬರೆದಿಟ್ಟಿದ್ದ. 1531ರಲ್ಲಿ ಬಂದ ಧೂಮಕೇತು, 1607ರಲ್ಲಿ ಬಂದದ್ದು, ತಾನೇ ಕಣ್ಣಾರೆ ನೋಡಿದ 1682ರದ್ದು, ಮೂರೂ ಬೇರೆ ಬೇರೆ ಅಲ್ಲ, ಒಂದೇ. ಸುಮಾರು 76 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. 1758ರ ಕೊನೆಗೋ ಮರುವರ್ಷದ ಆರಂಭಕ್ಕೋ ಮತ್ತೆ ಬರಬೇಕು. ಆ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಧೂಮಕೇತು ಎಂದರೆ ಅರಸನಿಗೆ ಕೇಡು, ಊರಿಗೆ ಬರ, ಹೇಳದೆ ಕೇಳದೆ ಬರುವ ಅಪಶಕುನ ಎಂದು ಯುರೋಪಿನ ಜನರೂ ನಂಬಿದ್ದರು. ಅದಕ್ಕೂ ವೇಳಾಪಟ್ಟಿ ಇದೆ ಎಂದ ಮೊದಲಿಗ ಹ್ಯಾಲಿ. ಆದರೆ ಅವನು 1742ರಲ್ಲೇ ತೀರಿಕೊಂಡ. ಲೆಕ್ಕ ಸರಿಯೋ ತಪ್ಪೋ ಎಂದು ನೋಡುವ ಕೆಲಸ ಉಳಿದವರ ಪಾಲಿಗೆ ಬಂತು.

ಪ್ಯಾರಿಸ್ಸಿನಲ್ಲಿ ಮೂವರು ಈ ಲೆಕ್ಕವನ್ನು ಇನ್ನಷ್ಟು ಖಚಿತ ಮಾಡಲು ಕೂತರು. ಕ್ಲೆರೋ ಎಂಬ ಗಣಿತಜ್ಞ, ಲಲಾಂದ್ ಎಂಬ ಖಗೋಳಜ್ಞ, ಮತ್ತು ನಿಕೋಲ್ ರೆನ್ ಲೆಪೋತ್ ಎಂಬಾಕೆ, ಗಡಿಯಾರ ಮಾಡುವವನ ಹೆಂಡತಿ. ಗುರು ಮತ್ತು ಶನಿ ಗ್ರಹಗಳು ಧೂಮಕೇತುವನ್ನು ಎಷ್ಟು ಎಳೆದು ತಡ ಮಾಡುತ್ತವೆ ಎಂಬುದು ಅವರು ಹಾಕಬೇಕಿದ್ದ ಲೆಕ್ಕ. ಕಂಪ್ಯೂಟರ್ ಇಲ್ಲ, ಕ್ಯಾಲ್ಕ್ಯುಲೇಟರ್ ಇಲ್ಲ. ತಿಂಗಳುಗಟ್ಟಲೆ ಬೆಳಗಿನಿಂದ ರಾತ್ರಿಯವರೆಗೆ, ಕೆಲವೊಮ್ಮೆ ಊಟದ ಹೊತ್ತಿನಲ್ಲೂ ಲೆಕ್ಕ ಹಾಕಿದೆವು ಎಂದು ಲಲಾಂದ್ ಆಮೇಲೆ ಬರೆದ. 1758ರ ನವೆಂಬರಿನಲ್ಲಿ ಕ್ಲೆರೋ ಉತ್ತರ ಓದಿ ಹೇಳಿದ: ಮುಂದಿನ ಏಪ್ರಿಲ್ ಮಧ್ಯದ ಹೊತ್ತಿಗೆ ಅದು ಸೂರ್ಯನಿಗೆ ಅತಿ ಹತ್ತಿರ ಬರುತ್ತದೆ, ಒಂದು ತಿಂಗಳು ಹಿಂದೆ ಮುಂದೆ ಆಗಬಹುದು. (ಎರಡು ವರ್ಷದ ನಂತರ ಕ್ಲೆರೋ ಪುಸ್ತಕ ಅಚ್ಚು ಹಾಕಿಸಿದಾಗ ಲೆಪೋತ್ ಹೆಸರನ್ನು ಬಿಟ್ಟುಬಿಟ್ಟ. ಹೆಣ್ಣುಮಗಳು ದುಡಿದದ್ದು ಲೆಕ್ಕಕ್ಕೆ ಬಾರದೆ ಹೋಗುವುದು ನಮ್ಮೂರಿನಲ್ಲಿ ಮಾತ್ರ ನಡೆಯುವುದಲ್ಲ.)

ಯುರೋಪಿನ ದೊಡ್ಡ ದೊಡ್ಡ ವೀಕ್ಷಣಾಲಯಗಳೆಲ್ಲ ಆಕಾಶಕ್ಕೆ ಕಣ್ಣು ನೆಟ್ಟು ಕೂತಿದ್ದವು. ಮೊದಲು ಕಂಡದ್ದು ಯಾರಿಗೆ? ಒಬ್ಬ ರೈತನಿಗೆ.

ಜರ್ಮನಿಯ ಡ್ರೆಸ್ಡನ್ ನಗರದ ಹತ್ತಿರ ಪ್ರೋಲಿಸ್ ಎಂಬ ಹಳ್ಳಿ. ಈಗ ಅದು ನಗರದೊಳಗೇ ಸೇರಿಹೋಗಿದೆ. ಅಲ್ಲಿನ ಯೋಹಾನ್ ಗೇಯೋರ್ಗ್ ಪಾಲಿಚ್ ಹುಟ್ಟಿದ್ದು 1723ರಲ್ಲಿ, ಒಕ್ಕಲುತನದ ಮನೆಯಲ್ಲಿ. ಹಗಲು ಹೊಲ, ರಾತ್ರಿ ಆಕಾಶ. ಕಾಲೇಜು ಕಂಡವನಲ್ಲ. ಪುಸ್ತಕ ಹುಡುಕಿ ಹುಡುಕಿ ಓದಿ ಕಲಿತ. ಪಕ್ಕದ ಊರಿನಲ್ಲಿ ಇಂಥದೇ ಹುಚ್ಚಿದ್ದ ಇನ್ನೊಬ್ಬ ರೈತ ಗೇರ್ಟ್‌ನರ್ ಅವನಿಗೆ ಜೊತೆಯಾದ. ಡ್ರೆಸ್ಡನ್ನಿನ ಪಂಡಿತರ ಗುರುತೂ ಇತ್ತು. ಅವನ ಹತ್ತಿರ ಎಂಟು ಅಡಿ ಉದ್ದದ ಟೆಲಿಸ್ಕೋಪ್ ಇತ್ತು.

1758ರ ಡಿಸೆಂಬರ್ 25, ಕ್ರಿಸ್‌ಮಸ್ ಸಂಜೆ. ಊರೆಲ್ಲ ಹಬ್ಬದಲ್ಲಿದ್ದರೆ ಪಾಲಿಚ್ ಟೆಲಿಸ್ಕೋಪ್ ಹಿಡಿದು ನಿಂತಿದ್ದ. ಮೀರಾ ಎಂಬ ನಕ್ಷತ್ರವೊಂದಿದೆ, ಕೆಲವು ತಿಂಗಳು ಹೊಳೆಯುತ್ತದೆ, ಕೆಲವು ತಿಂಗಳು ಮಂಕಾಗಿ ಮಾಯವಾಗುತ್ತದೆ. ಅದನ್ನು ನೋಡುವುದು ಅವನ ಅಂದಿನ ಕೆಲಸ. ಜೊತೆಗೆ, ಎಲ್ಲರೂ ಕಾಯುತ್ತಿರುವ ಆ ಧೂಮಕೇತು ಬಂತೋ ಹೇಗೆ ಎಂಬ ಗಮನವೂ ಇತ್ತು. ಮೀನ ರಾಶಿಯ ಎರಡು ಚುಕ್ಕಿಗಳ ನಡುವೆ ಹಿಂದೆ ಎಂದೂ ಕಾಣದ ಒಂದು ಮಬ್ಬು ಕಲೆ ಕಂಡಿತು. ತನ್ನ ಹೊಲದ ಯಾವ ಸಾಲಿನಲ್ಲಿ ಹೊಸ ಕಳೆ ಎದ್ದಿದೆ ಎಂದು ಒಕ್ಕಲಿಗನಿಗೆ ಒಂದೇ ನೋಟಕ್ಕೆ ತಿಳಿಯುವುದಿಲ್ಲವೇ, ಹಾಗೆ. ಮರುದಿನ ನೋಡಿದ, ಅದರ ಮರುದಿನವೂ ನೋಡಿದ. ಜಾಗ ಬದಲಾಗಿತ್ತು. ಅಂದರೆ ನಕ್ಷತ್ರವಲ್ಲ, ಧೂಮಕೇತು.

ಪಾಲಿಚ್ ಅದನ್ನು ತನ್ನೊಳಗೇ ಇಟ್ಟುಕೊಳ್ಳಲಿಲ್ಲ. ಡ್ರೆಸ್ಡನ್ನಿನ ಡಾಕ್ಟರ್ ಹೋಫ್‌ಮನ್ ಎಂಬ ಇನ್ನೊಬ್ಬ ಹವ್ಯಾಸಿಗೆ ತಿಳಿಸಿದ. ಹೋಫ್‌ಮನ್ 28ರಂದು ತಾನೂ ನೋಡಿ ಖಚಿತಪಡಿಸಿಕೊಂಡ. ಜನವರಿಯಲ್ಲಿ ಡ್ರೆಸ್ಡನ್ನಿನ ಒಂದು ಪತ್ರಿಕೆಯಲ್ಲಿ ಸುದ್ದಿ ಬರೆದ. ಲೈಪ್‌ಜಿಗ್‌ನ ಖಗೋಳಜ್ಞನೊಬ್ಬನೂ ನೋಡಿ, ಹೌದು, ಇದು ಹ್ಯಾಲಿ ಹೇಳಿದ್ದೇ ಎಂದ. ಒಬ್ಬ ಕಂಡ, ಇನ್ನೊಬ್ಬ ಪರೀಕ್ಷಿಸಿದ, ಮೂರನೆಯವ ಲೆಕ್ಕಕ್ಕೆ ಹೊಂದಿಸಿದ. ನಮ್ಮ ಕಸುಬಿನ ಭಾಷೆಯಲ್ಲಿ ಹೇಳಬೇಕೆಂದರೆ ಸ್ಥಳೀಯ ಆವೃತ್ತಿಯಲ್ಲಿ ಸುದ್ದಿ ಬಂತು.

ರಾಜ್ಯಮಟ್ಟಕ್ಕೆ ಮಾತ್ರ ಹೋಗಲಿಲ್ಲ. ಆಗ ಯುರೋಪಿನಲ್ಲಿ ಏಳು ವರ್ಷದ ಯುದ್ಧ ನಡೆದಿತ್ತು. ಡ್ರೆಸ್ಡನ್ ಇದ್ದ ಸ್ಯಾಕ್ಸನಿಯನ್ನು ಪ್ರಷ್ಯಾದ ಸೈನ್ಯ ಹಿಡಿದು ಕೂತಿತ್ತು. ಫ್ರಾನ್ಸ್ ಎದುರು ಪಾಳೆಯದಲ್ಲಿತ್ತು. ಡ್ರೆಸ್ಡನ್ನಿನಲ್ಲಿ ಅಚ್ಚಾದ ಸುದ್ದಿ ಪ್ಯಾರಿಸ್ ಮುಟ್ಟುವ ಹೊತ್ತಿಗೆ ಏಪ್ರಿಲ್ ಬಂದಿತ್ತು.

ಇನ್ನು ಪ್ಯಾರಿಸ್ಸಿನಲ್ಲಿ ನಡೆದದ್ದು ಕೇಳಿ. ನನಗೆ ಈ ಇಡೀ ಕಥೆಯಲ್ಲಿ ಹೊಟ್ಟೆ ಉರಿಯುವ ಭಾಗ ಇದೇ.

ಶಾರ್ಲ್ ಮೆಸ್ಸಿಯೆ ಎಂಬ ಹುಡುಗ 21ನೇ ವಯಸ್ಸಿಗೆ ಪ್ಯಾರಿಸ್ಸಿಗೆ ಬಂದು, ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ ನೌಕಾಪಡೆಯ ಖಗೋಳಜ್ಞ ದೆಲೀಲ್ ಬಳಿ ಗುಮಾಸ್ತನಾಗಿ ಸೇರಿದ್ದ. ಬರೆಯುತ್ತಾ ಬರೆಯುತ್ತಾ ನೋಡುವುದನ್ನೂ ಕಲಿತ. ಹ್ಯಾಲಿಯ ಧೂಮಕೇತು ಎಲ್ಲಿ ಕಾಣಬಹುದು ಎಂದು ದೆಲೀಲ್ ಒಂದು ನಕ್ಷೆ ಮಾಡಿ ಅವನ ಕೈಗೆ ಕೊಟ್ಟ. ಇಷ್ಟರೊಳಗೆ ಹುಡುಕು ಎಂದ. ಮೆಸ್ಸಿಯೆ ಸುಮಾರು ಒಂದೂವರೆ ವರ್ಷ, ಮೋಡವಿಲ್ಲದ ರಾತ್ರಿಗಳಲ್ಲೆಲ್ಲ ಹುಡುಕಿದ. ಸಿಗಲಿಲ್ಲ. ಹೇಗೆ ಸಿಕ್ಕೀತು? ನಕ್ಷೆಯೇ ತಪ್ಪಾಗಿತ್ತು. ಕೊನೆಗೆ ನಕ್ಷೆ ಬಿಟ್ಟು ಆಚೆಗೂ ಟೆಲಿಸ್ಕೋಪ್ ತಿರುಗಿಸಿದ. 1759ರ ಜನವರಿ 21ರಂದು ಸಿಕ್ಕಿತು. ಪಾಲಿಚ್ ಕಂಡು ನಾಲ್ಕು ವಾರವಾಗಿತ್ತು ಎಂಬುದು ಅವನಿಗೆ ಗೊತ್ತಿಲ್ಲ.

ಓಡಿ ಹೋಗಿ ದೆಲೀಲನಿಗೆ ಹೇಳಿದ. ಅವನು, ಯಾರಿಗೂ ಹೇಳಬೇಡ, ನೋಡುತ್ತಾ ಹೋಗು ಎಂದ. ಮೆಸ್ಸಿಯೆ ಬಾಯಿ ಮುಚ್ಚಿಕೊಂಡು ಫೆಬ್ರವರಿ ಮಧ್ಯದವರೆಗೆ ಪ್ರತಿ ರಾತ್ರಿಯ ಜಾಗ ಬರೆದಿಟ್ಟ. ಆಮೇಲೆ ಧೂಮಕೇತು ಸೂರ್ಯನ ಬೆಳಕಿನಲ್ಲಿ ಮುಳುಗಿತು. ಮಾರ್ಚ್ 13ರಂದು ಸೂರ್ಯನಿಗೆ ಅತಿ ಹತ್ತಿರ ಬಂದು ತಿರುಗಿತು. ಕ್ಲೆರೋ ಹೇಳಿದ್ದ ಒಂದು ತಿಂಗಳ ಅಂತರದೊಳಗೆ, ಸರಿಯಾಗಿ ಅಂಚಿಗೆ. ಏಪ್ರಿಲ್ 1ರಂದು ಮೆಸ್ಸಿಯೆಗೆ ಬೆಳಗಿನ ಜಾವದಲ್ಲಿ ಮತ್ತೆ ಕಂಡಿತು. ಹೊತ್ತಿಗೆ ಸರಿಯಾಗಿ ಜರ್ಮನಿಯ ಸುದ್ದಿಯೂ ಬಂತು. ಆಗ ದೆಲೀಲ್ ಪೆಟ್ಟಿಗೆ ತೆಗೆದು, ನಾವು ಜನವರಿಯಲ್ಲೇ ಕಂಡಿದ್ದೆವು ಎಂದ.

ಯಾರು ನಂಬುತ್ತಾರೆ? ಪ್ಯಾರಿಸ್ಸಿನ ಉಳಿದ ಖಗೋಳಜ್ಞರು ಸಿಟ್ಟಿಗೆದ್ದರು. ಆ ಎರಡು ತಿಂಗಳು ಅವರೂ ನೋಡಬಹುದಿತ್ತು, ಇನ್ನೂ ನಾಲ್ಕು ಕಡೆಯಿಂದ ಗುರುತು ಸಿಗುತ್ತಿತ್ತು. ಹಗಲಿರುಳು ಲೆಕ್ಕ ಹಾಕಿದ ಆ ಮೂವರೂ ಅದೇ ಊರಿನಲ್ಲಿದ್ದರು! ಅವರಿಗೂ ಹೇಳಿರಲಿಲ್ಲ. ಮೆಸ್ಸಿಯೆ ರಾತ್ರಿಗಟ್ಟಲೆ ಚಳಿಯಲ್ಲಿ ನಿಂತು ಬರೆದದ್ದನ್ನು ಮೊದಲು ಒಪ್ಪಿಕೊಳ್ಳಲೇ ಇಲ್ಲ.

ನನಗೂ ಒಮ್ಮೆ ಇಂಥದು ಆಗಿದೆ. ಒಂದೂರಿನ ಕೆರೆ ಏರಿ ಬಿರುಕು ಬಿಟ್ಟಿತ್ತು. ಫೋಟೋ ಸಮೇತ ಸಂಜೆಯೇ ಕಳಿಸಿದೆ. ಡೆಸ್ಕಿನಲ್ಲಿ ಎರಡು ದಿನ ಇಟ್ಟುಕೊಂಡರು. ಮೂರನೇ ದಿನ ಬೇರೆ ಪತ್ರಿಕೆಯಲ್ಲಿ ಬಂತು. ನಾಲ್ಕನೇ ದಿನ ನಮ್ಮಲ್ಲಿ ಬಂದಾಗ ಆ ಊರಿನವರೇ, "ಏನ್ರಿ, ಕಾಪಿ ಹೊಡದೀರಿ?" ಎಂದು ಕೇಳಿದರು. ಏನೆಂದು ಉತ್ತರ ಕೊಡುವುದು? ಮೆಸ್ಸಿಯೆಯ ಮುಖ ಹೇಗಾಗಿರಬಹುದು ಎಂದು ನನಗೆ ಊಹಿಸಬಲ್ಲೆ.

ಅವನು ಮಾತ್ರ ಎದೆಗುಂದಲಿಲ್ಲ. ಮುಂದೆ ಹತ್ತಾರು ಧೂಮಕೇತುಗಳನ್ನು ಕಂಡ. ಧೂಮಕೇತುವಿನ ಹಾಗೆ ಮಬ್ಬಾಗಿ ಕಂಡು ಮೋಸ ಮಾಡುವ, ಆದರೆ ಜಾಗ ಬಿಟ್ಟು ಕದಲದ ಕಲೆಗಳ ಪಟ್ಟಿಯನ್ನೂ ಮಾಡಿದ. ಇವು ಧೂಮಕೇತು ಅಲ್ಲ, ಇವನ್ನು ನೋಡಿ ಹೊತ್ತು ಕಳೆಯಬೇಡಿ ಎಂದು ಬೇರೆಯವರಿಗೆ ಎಚ್ಚರಿಕೆ. ತಾನು ಮೋಸ ಹೋದದ್ದನ್ನು ಊರಿಗೆಲ್ಲ ಹೇಳಿಬಿಟ್ಟ. ಇವತ್ತು ಅವನ ಹೆಸರು ಉಳಿದಿರುವುದು ಮುಖ್ಯವಾಗಿ ಆ ಪಟ್ಟಿಯಿಂದ. ಅದರ 70ನೇ ನಂಬರನ್ನು ನೆನಪಿಡಿ, ಮುಂದೆ ಬರುತ್ತದೆ.

ಪಾಲಿಚ್? ಬೇಸಾಯ ಮಾಡಿಕೊಂಡೇ ಇದ್ದ. ರೈತನಿಗೆ ಅಕಸ್ಮಾತ್ ಬರಿಗಣ್ಣಿಗೆ ಕಂಡುಬಿಟ್ಟಿತು ಎಂಬ ಕಥೆ ಆಮೇಲೆ ಪುಸ್ತಕಗಳಲ್ಲಿ ಹಬ್ಬಿತು. ವರ್ಷಗಟ್ಟಲೆ ಆಕಾಶ ಓದಿದವನಿಗೆ ಅಕಸ್ಮಾತ್ ಎನ್ನುತ್ತಾರೆ! ಓದಿದವರ ಹಣೆಬರಹವೇ ಹೀಗೆ, ಹಳ್ಳಿಯವನು ಗೆದ್ದರೆ ಅದು ಅದೃಷ್ಟ.

ಇಷ್ಟಾದರೂ ಮುಚ್ಚಿಡುವ ಚಟ ಹೋಗಲಿಲ್ಲ. 1801ರ ಜನವರಿ 1ರಂದು ಇಟಲಿಯ ದಕ್ಷಿಣದಲ್ಲಿರುವ ಸಿಸಿಲಿ ದ್ವೀಪದ ಪಲೆರ್ಮೊದಲ್ಲಿ ಪಿಯಾಜಿ ಎಂಬ ಪಾದ್ರಿ-ಖಗೋಳಜ್ಞನಿಗೆ ಚುಕ್ಕಿಯೊಂದು ರಾತ್ರಿಯಿಂದ ರಾತ್ರಿಗೆ ಸರಿಯುವುದು ಕಂಡಿತು. ಅದೇ ಸೀರಿಸ್, ಮೊದಲು ಸಿಕ್ಕ ಕ್ಷುದ್ರಗ್ರಹ (ಈಗ ಅದನ್ನು ಕುಬ್ಜಗ್ರಹ ಎನ್ನುತ್ತಾರೆ). ಪಿಯಾಜಿ ಮೂರು ವಾರ ಯಾರಿಗೂ ಹೇಳಲಿಲ್ಲ. ಕೊನೆಗೆ ಜನವರಿ 24ರಂದು ಕಾಗದ ಬರೆದ. ಬರ್ಲಿನ್ನಿಗೆ ಬರೆದ ಕಾಗದದಲ್ಲಿ ಧೂಮಕೇತು ಎಂದ. ಮಿಲಾನಿನ ಗೆಳೆಯನಿಗೆ ಮಾತ್ರ, ಇದು ಅದಕ್ಕಿಂತ ದೊಡ್ಡದೇ ಇರಬಹುದು ಎಂದು ಗುಟ್ಟಾಗಿ ತಿಳಿಸಿದ. ಫೆಬ್ರವರಿಯಲ್ಲಿ ಕಾಯಿಲೆ ಬಿದ್ದ. ಕಾಗದಗಳು ಮುಟ್ಟುವ ಹೊತ್ತಿಗೆ ಚುಕ್ಕಿ ಸೂರ್ಯನ ಹಿಂದೆ ಹೋಗಿ ಕಳೆದುಹೋಯಿತು. ಎಲ್ಲಿ ಹುಡುಕುವುದು? ಪಿಯಾಜಿ ನೋಡಿ ಬರೆದ ಪೂರ್ತಿ ಪಟ್ಟಿ ಅಚ್ಚಾದದ್ದು ಸೆಪ್ಟೆಂಬರಿನಲ್ಲಿ.

ಆ ಪಟ್ಟಿ ನೋಡಿದ 24 ವರ್ಷದ ಗೌಸ್ ಎಂಬ ಗಣಿತಜ್ಞ, ಕೆಲವೇ ವಾರಗಳ ಗುರುತಿನಿಂದ ಇಡೀ ದಾರಿ ತೆಗೆಯುವ ಹೊಸ ವಿಧಾನ ಕಟ್ಟಿದ. ಇಂಥ ಕಡೆ ನೋಡಿ ಎಂದ. ವರ್ಷದ ಕೊನೆಯಲ್ಲಿ ಜಾಖ್ ಎಂಬ ಖಗೋಳಜ್ಞನಿಗೂ, ಅದರ ಬೆನ್ನಲ್ಲೇ ಬ್ರೆಮೆನ್ ಊರಿನ ಓಲ್ಬರ್ಸ್‌ಗೂ ಅದು ಅಲ್ಲೇ ಸಿಕ್ಕಿತು. ಓಲ್ಬರ್ಸ್ ಡಾಕ್ಟರ್, ಹಗಲೆಲ್ಲ ರೋಗಿಗಳನ್ನು ನೋಡಿ ರಾತ್ರಿ ಮನೆಯ ಮೇಲಿನ ಕೋಣೆಯಿಂದ ಆಕಾಶ ನೋಡುತ್ತಿದ್ದವನು. ಮುಂದೆ ಅವನೇ ಪಲ್ಲಾಸ್, ವೆಸ್ಟಾ ಎಂಬ ಇನ್ನೆರಡನ್ನು ಕಂಡುಹಿಡಿದ.

1807ರ ನಂತರ ಸುಮಾರು 38 ವರ್ಷ ಹೊಸ ಕ್ಷುದ್ರಗ್ರಹ ಒಂದೂ ಸಿಗಲಿಲ್ಲ. ಇನ್ನಿಲ್ಲ ಎಂದೇ ಪಂಡಿತರಲ್ಲಿ ಹೆಚ್ಚಿನವರು ಕೈಬಿಟ್ಟಿದ್ದರು. ಬಿಡದವನು ಡ್ರೀಸನ್ ಎಂಬ ಊರಿನ ಹೆಂಕೆ, ಅಂಚೆ ಕಚೇರಿಯ ನಿವೃತ್ತ ನೌಕರ. ಆಕಾಶದ ತುಂಡುತುಂಡಿನ ನಕ್ಷೆ ತಾನೇ ಬರೆದುಕೊಂಡು 15 ವರ್ಷ ಹೋಲಿಸಿ ನೋಡಿದ. 1845ರ ಡಿಸೆಂಬರ್ 8ರಂದು ನಕ್ಷೆಯಲ್ಲಿಲ್ಲದ ಚುಕ್ಕಿಯೊಂದು ಸಿಕ್ಕಿತು. ಬರ್ಲಿನ್ನಿಗೆ ತಿಳಿಸಿದ, ಅಲ್ಲಿನವರು ನೋಡಿ ಹೌದೆಂದರು. ಅದಕ್ಕೆ ಅಸ್ಟ್ರಿಯಾ ಎಂದು ಹೆಸರಾಯಿತು. ಅಲ್ಲಿಂದ ಮುಂದೆ ಸಾಲುಸಾಲಾಗಿ ಸಿಕ್ಕವು.

ಅಂಚೆಯ ಮಾತು ಬಂದದ್ದರಿಂದ ಇನ್ನೊಂದು. ಡೆನ್ಮಾರ್ಕಿನ ರಾಜ 1831ರಲ್ಲಿ ಟೆಲಿಸ್ಕೋಪಿನಿಂದ ಹೊಸ ಧೂಮಕೇತು ಕಂಡವರಿಗೆ ಚಿನ್ನದ ಪದಕ ಕೊಡುವುದಾಗಿ ಸಾರಿದ. ಶರತ್ತು ಏನೆಂದರೆ, ಕಂಡ ಮೇಲೆ ಹೊರಡುವ ಮೊದಲ ಅಂಚೆಯಲ್ಲೇ ಕಾಗದ ಹಾಕಬೇಕು. ದೆಲೀಲನಂಥವರಿಗೆ ಇದಕ್ಕಿಂತ ಒಳ್ಳೆ ಮದ್ದು ಇರಲಾರದು. ಆದರೆ ಪಟ್ಟಣದಲ್ಲಿ ಕೂತು ಮಾಡಿದ ನಿಯಮ ದೂರದ ಊರಿನವರಿಗೆ ಹೊಂದುವುದಿಲ್ಲವಲ್ಲ. ಅಮೆರಿಕದ ನಾಂಟಕೆಟ್ ದ್ವೀಪದ ಗ್ರಂಥಪಾಲಕಿ ಮರಿಯಾ ಮಿಚೆಲ್, 1847ರ ಅಕ್ಟೋಬರ್ 1ರ ರಾತ್ರಿ ತಂದೆ ಕೆಲಸ ಮಾಡುತ್ತಿದ್ದ ಬ್ಯಾಂಕಿನ ಮಾಳಿಗೆ ಮೇಲಿಂದ ಹೊಸ ಧೂಮಕೇತು ಕಂಡಳು. ತಂದೆ ಹಾರ್ವರ್ಡ್‌ಗೆ ಕಾಗದ ಬರೆದ, ಅದರ ಮೇಲೆ 3ನೇ ತಾರೀಖು. ಅದೇ 3ರಂದು ರೋಮಿನಲ್ಲಿ ದೆ ವಿಕೊ ಎಂಬ ಪಾದ್ರಿಗೂ ಕಂಡಿತು. ಅವನ ಕಾಗದ ಯುರೋಪಿನೊಳಗೇ ಬೇಗ ಮುಟ್ಟಿತು, ಪದಕ ಅವನಿಗೆ ಎಂದಾಯಿತು. ಹಾರ್ವರ್ಡಿನ ಅಧ್ಯಕ್ಷರು ಪತ್ರದ ಮೇಲೆ ಪತ್ರ ಬರೆದು, ಆಕೆ ಎರಡು ದಿನ ಮೊದಲೇ ಕಂಡದ್ದನ್ನು ದಾಖಲೆ ಸಮೇತ ತೋರಿಸಿದ ಮೇಲೆ 1848ರಲ್ಲಿ ಪದಕ ಆಕೆಗೇ ಸಿಕ್ಕಿತು.

ಆಮೇಲೆ ತಂತಿ ಬಂತು. ತಂತಿಯ ಕಥೆಯಲ್ಲಿ ನಮ್ಮ ಪಕ್ಕದ ಮದ್ರಾಸೂ ಇದೆ.

ಬೀಲಾ ಎಂಬ ಆಸ್ಟ್ರಿಯಾದ ಸೈನ್ಯಾಧಿಕಾರಿ, ಇವನೂ ಹವ್ಯಾಸಿಯೇ, 1826ರಲ್ಲಿ ಒಂದು ಧೂಮಕೇತು ಕಂಡಿದ್ದ. ಆರೂವರೆ ವರ್ಷಕ್ಕಿಂತ ತುಸು ಹೆಚ್ಚು ಕಾಲಕ್ಕೊಮ್ಮೆ ಅದು ಬರುತ್ತಿತ್ತು. 1846ರಲ್ಲಿ ನೋಡುತ್ತಿದ್ದಂತೆ ಒಡೆದು ಎರಡಾಯಿತು. 1852ರ ನಂತರ ಕಾಣೆಯಾಯಿತು. 1872ರ ನವೆಂಬರ್ 27ರ ರಾತ್ರಿ ಯುರೋಪಿನಲ್ಲಿ ಆಕಾಶದಿಂದ ಉಲ್ಕೆಗಳ ಮಳೆಯೇ ಸುರಿಯಿತು. ಜರ್ಮನಿಯ ಕ್ಲಿಂಕರ್‌ಫ್ಯೂಸ್ ಎಂಬ ಖಗೋಳಜ್ಞ, ಇದು ಬೀಲಾದ ಪುಡಿ, ಧೂಮಕೇತು ಭೂಮಿಯನ್ನು ಸವರಿಕೊಂಡು ಹೋಗಿರಬೇಕು, ಈಗ ಅದು ದಕ್ಷಿಣದ ಆಕಾಶದಲ್ಲಿರುತ್ತದೆ ಎಂದು ಊಹಿಸಿದ. ಅದು ಅವನ ಊರಿಗೆ ಕಾಣುವುದಿಲ್ಲ. ಕಾಣುವ ಜಾಗದಲ್ಲಿ ಯಾರಿದ್ದಾರೆ? ಮದ್ರಾಸ್ ವೀಕ್ಷಣಾಲಯದ ಪಾಗ್ಸನ್. ಈ ಪಾಗ್ಸನ್ 1861ರಲ್ಲಿ ಅಲ್ಲಿಂದಲೇ ಒಂದು ಕ್ಷುದ್ರಗ್ರಹ ಕಂಡುಹಿಡಿದಿದ್ದ. ಈ ಖಂಡದಿಂದ ಸಿಕ್ಕ ಮೊದಲನೆಯದು ಎಂದು ಅದಕ್ಕೆ ಏಷ್ಯಾ ಎಂದೇ ಹೆಸರಿಟ್ಟಿದ್ದ.

ನವೆಂಬರ್ 30ರಂದು ತಂತಿ ಬಂತು: ಬೀಲಾ 27ರಂದು ಭೂಮಿಯನ್ನು ಮುಟ್ಟಿತು, ಇಂಥ ನಕ್ಷತ್ರದ ಹತ್ತಿರ ಹುಡುಕು. ಡಿಸೆಂಬರ್ ಎಂದರೆ ಮದ್ರಾಸಿನಲ್ಲಿ ಮಳೆಗಾಲ. ಮೋಡ. ಪಾಗ್ಸನ್ ಕಾದ. ಡಿಸೆಂಬರ್ 2ರಂದು ಮೋಡದ ಸಂದಿಯಲ್ಲಿ ಒಂದು ಧೂಮಕೇತು ಕಂಡೇಬಿಟ್ಟಿತು. 3ರಂದು ಮತ್ತೆ ಕಂಡಿತು. ಆಮೇಲೆ ಮತ್ತೆ ಮೋಡ, ಇನ್ನು ಕಾಣಲಿಲ್ಲ. ಎರಡೇ ಗುರುತು. ಮೂರನೆಯದಿಲ್ಲದೆ ದಾರಿಯ ಲೆಕ್ಕ ಸಿಗಲಿಲ್ಲ. ಅದು ಬೀಲಾ ಅಲ್ಲ, ಅದೇ ಜಾಗದಲ್ಲಿ ಆಕಸ್ಮಿಕವಾಗಿ ಇದ್ದ ಇನ್ಯಾವುದೋ ಧೂಮಕೇತು ಎಂಬುದು ಈಗಿನವರ ಅಭಿಪ್ರಾಯ. ಆ ಮೂರನೇ ರಾತ್ರಿ ಇನ್ನೊಂದು ಊರಿನಲ್ಲಿ ಇನ್ನೊಬ್ಬರು ಆಕಾಶ ನೋಡಿದ್ದರೆ! ಆ ಮದ್ರಾಸ್ ವೀಕ್ಷಣಾಲಯದ ಕೆಲಸ ಮುಂದೆ ಕೊಡೈಕೆನಾಲಿಗೆ ಹೋಯಿತು, ಅದೇ ಬೆಳೆದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯಾಯಿತು. ಅದನ್ನು ಕಟ್ಟಿದ ವೇಣು ಬಾಪ್ಪು ಅವರೂ ವಿದ್ಯಾರ್ಥಿಯಾಗಿದ್ದಾಗ 1949ರಲ್ಲಿ ಅಮೆರಿಕದಲ್ಲಿ ಒಂದು ಧೂಮಕೇತು ಕಂಡಿದ್ದರು. ಅದರ ಹೆಸರಿನಲ್ಲಿ ಮೊದಲು ಬರುವುದು ಬಾಪ್ಪು.

ಜಗತ್ತಿನ ಎಲ್ಲ ಕಡೆಯಿಂದ ಬರುವ ಇಂಥ ಸುದ್ದಿಗಳನ್ನು ತೆಗೆದುಕೊಂಡು ಹಂಚುವ ಒಂದು ಕೇಂದ್ರ ಬೇಕಾಯಿತು. 1880ರ ದಶಕದಲ್ಲಿ ಜರ್ಮನಿಯ ಕೀಲ್‌ನಲ್ಲಿ ಶುರುವಾಯಿತು. ಮೊದಲ ಮಹಾಯುದ್ಧದ ಹೊತ್ತಿಗೆ ಕೋಪನ್‌ಹೇಗನ್‌ಗೆ, 1965ರಲ್ಲಿ ಅಮೆರಿಕದ ಕೇಂಬ್ರಿಜ್‌ಗೆ ಹೋಯಿತು. ಬ್ರಯನ್ ಮಾರ್ಸ್‌ಡನ್ ಎಂಬುವರು 1968ರಿಂದ 2000ದವರೆಗೆ ಅದನ್ನು ನಡೆಸಿದರು. ಕಳಿಸಿದವರು ಪ್ರೊಫೆಸರೋ ಕೂಲಿಯೋ ಎಂಬುದು ಅಲ್ಲಿ ಮುಖ್ಯವಲ್ಲ. ಯಾವ ದಿನ, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ, ಆಕಾಶದ ಯಾವ ಜಾಗದಲ್ಲಿ, ಯಾವ ಕಡೆಗೆ ಸರಿಯುತ್ತಿದೆ, ಇಷ್ಟು ಇರಬೇಕು. ನಮ್ಮ ಡೆಸ್ಕಿನವರು "ಎಷ್ಟೊತ್ತಿಗೆ ಆಯ್ತು? ಯಾರು ನೋಡಿದ್ರು?" ಎಂದು ತಲೆ ತಿನ್ನುವಾಗ ನನಗೆ ಸಿಟ್ಟು ಬರುತ್ತಿತ್ತು. ಈ ಇತಿಹಾಸ ಓದಿದ ಮೇಲೆ ಸ್ವಲ್ಪ ಕಡಿಮೆಯಾಗಿದೆ.

ಈಗ ಬಾಪ್ ಅವರ ಕಡೆ ಬರೋಣ. 1995ರ ಜುಲೈ 22ರ ರಾತ್ರಿ. ಅಮೆರಿಕದ ಅರಿಜೋನಾದ ಮರುಭೂಮಿಯಲ್ಲಿ ಥಾಮಸ್ ಬಾಪ್ ಗೆಳೆಯರ ಜೊತೆ ಆಕಾಶ ನೋಡುತ್ತಿದ್ದರು. ಗೆಳೆಯನ ಟೆಲಿಸ್ಕೋಪ್ ಎಂ70ರ ಕಡೆ ತಿರುಗಿತ್ತು, ಮೆಸ್ಸಿಯೆ ಪಟ್ಟಿಯ 70ನೇ ನಂಬರು. ಪಕ್ಕದಲ್ಲೇ ಇನ್ನೊಂದು ಮಬ್ಬು ಕಲೆ. ನಕ್ಷೆ ತೆಗೆದರು, ಅಲ್ಲಿ ಏನೂ ಇಲ್ಲ. ಕಾದು ನೋಡಿದರು, ಸರಿಯುತ್ತಿದೆ! 237 ವರ್ಷದ ಹಿಂದೆ ಪಾಲಿಚ್ ಮಾಡಿದ್ದೂ ಇದನ್ನೇ. ಬಾಪ್ ಕತ್ತಲಲ್ಲಿ ಮನೆಗೆ ಗಾಡಿ ಓಡಿಸಿಕೊಂಡು ಬಂದು ಕೇಂಬ್ರಿಜ್‌ಗೆ ತಂತಿ ಕಳಿಸಿದರು.

ಪಕ್ಕದ ನ್ಯೂ ಮೆಕ್ಸಿಕೊ ರಾಜ್ಯದಲ್ಲಿ ಅದೇ ರಾತ್ರಿ ಅಲನ್ ಹೇಲ್ ಕೂಡ, ಇನ್ನೊಂದು ಧೂಮಕೇತು ಮೇಲೆ ಬರುವ ತನಕ ಸುಮ್ಮನೆ ಕೂರುವುದೇಕೆಂದು ಅದೇ ಎಂ70 ನೋಡಲು ಹೋಗಿ ಇದನ್ನು ಕಂಡಿದ್ದರು. ಹಿಂದೆ ನೂರಾರು ಗಂಟೆ ಹುಡುಕಿದಾಗ ಒಂದೂ ಸಿಕ್ಕಿರಲಿಲ್ಲ, ಹುಡುಕದಿದ್ದಾಗ ಸಿಕ್ಕಿತು. ಅವರು ಇಮೇಲ್ ಕಳಿಸಿದರು. ಬಾಪ್ ತಂತಿ ಮುಟ್ಟುವ ಹೊತ್ತಿಗೆ ಹೇಲ್ ಅವರ ಇಮೇಲು ಮೂರು ಸಲ ಬಂದಾಗಿತ್ತು, ಈಗ ತಂತಿ ಯಾರು ಕಳಿಸುತ್ತಾರೆ ಎಂದು ಕಚೇರಿಯವರು ಆಮೇಲೆ ನಗೆಯಾಡಿದರಂತೆ. ಆದರೂ ತಂತಿಯನ್ನು ಬದಿಗೆ ಸರಿಸಲಿಲ್ಲ. ಬೆಳಿಗ್ಗೆ ಅಲ್ಲಿಂದ ಬಾಪ್ ಮನೆಗೆ ಫೋನ್ ಬಂತು: ನೀವು ಹೊಸ ಧೂಮಕೇತು ಕಂಡಿದ್ದೀರಿ, ಅಭಿನಂದನೆ. ಎರಡು ವರ್ಷದ ನಂತರ ಅದನ್ನೇ ನಮ್ಮಜ್ಜ ನನಗೆ ಮಾಳಗಿ ಮೇಲಿಂದ ತೋರಿಸಿದ್ದು.

ಈಗ ಕಾಲ ಬದಲಾಗಿದೆ. ದೊಡ್ಡ ಕ್ಯಾಮೆರಾ ಟೆಲಿಸ್ಕೋಪುಗಳು ರಾತ್ರಿಯಿಡೀ ತಾವೇ ಆಕಾಶ ಗುಡಿಸುತ್ತವೆ, ಹೊಸದರಲ್ಲಿ ಬಹುಪಾಲು ಅವಕ್ಕೇ ಸಿಗುತ್ತವೆ. ಹವ್ಯಾಸಿಗಳ ಕಾಲ ಮುಗಿಯಿತೇ? ಸೂರ್ಯನನ್ನು ನೋಡಲು ಕಳಿಸಿದ ಸೋಹೋ ಎಂಬ ಗಗನನೌಕೆಯ ಚಿತ್ರಗಳನ್ನು ಎಲ್ಲರಿಗೂ ಸಿಗುವಂತೆ ಇಂಟರ್ನೆಟ್ಟಿಗೆ ಹಾಕುತ್ತಾರೆ. ಅವುಗಳಲ್ಲಿ 2024ರ ಹೊತ್ತಿಗೆ 5,000ಕ್ಕೂ ಹೆಚ್ಚು ಧೂಮಕೇತು ಸಿಕ್ಕಿವೆ, ಹೆಚ್ಚಿನವನ್ನು ಕಂಡವರು ಮನೆಯಲ್ಲಿ ಕೂತು ನೋಡಿದ ಹವ್ಯಾಸಿಗಳು. 2019ರ ಆಗಸ್ಟ್ 30ರಂದು ಕ್ರೈಮಿಯಾದಲ್ಲಿ ಗೆನ್ನಾಡಿ ಬೊರಿಸೊವ್ ತಾವೇ ಕಟ್ಟಿದ 65 ಸೆಂಟಿಮೀಟರ್ ಟೆಲಿಸ್ಕೋಪಿನಲ್ಲಿ ಒಂದು ಧೂಮಕೇತು ಕಂಡು ತಿಳಿಸಿದರು. ಬೇರೆ ಬೇರೆ ದೇಶದವರು ಗುರುತು ಕಳಿಸಿದರು, ಲೆಕ್ಕ ಹಾಕಿದರೆ ಅದು ನಮ್ಮ ಸೂರ್ಯನದ್ದೇ ಅಲ್ಲ! ಇನ್ನಾವುದೋ ನಕ್ಷತ್ರದ ಕಡೆಯಿಂದ ಬಂದು ದಾಟಿ ಹೋಗುತ್ತಿರುವ ಅತಿಥಿ. ಹಾಗೆ ಹೊರಗಿನಿಂದ ಬಂದ ಧೂಮಕೇತು ಗೊತ್ತಾದದ್ದು ಅದೇ ಮೊದಲು.

ನಿಮಗೂ ಆಕಾಶದಲ್ಲಿ ಏನಾದರೂ ಕಂಡರೆ ಗ್ರೂಪಿಗೆ ಹಾಕುವ ಮುಂಚೆ ಇಷ್ಟು ಮಾಡಿ. ಮೊದಲು ಗಡಿಯಾರ ನೋಡಿ ಬರೆದುಕೊಳ್ಳಿ. ದಿಕ್ಕು ಬರೆದುಕೊಳ್ಳಿ. ಕೈ ಚಾಚಿ ಮುಷ್ಟಿ ಹಿಡಿದರೆ ದಿಗಂತದಿಂದ ಎಷ್ಟು ಮುಷ್ಟಿ ಮೇಲಿದೆ ಎಂದು ಎಣಿಸಿ. ಕಣ್ಣೆದುರೇ ಸರಸರ ಓಡಿದರೆ ಅದು ವಿಮಾನವೋ ಉಪಗ್ರಹವೋ ಇರುತ್ತದೆ, ಸಾಲಾಗಿ ಹೋದರೆ ಸ್ಟಾರ್‌ಲಿಂಕ್. ಸಂಜೆ ಪಶ್ಚಿಮಕ್ಕೆ, ಇಲ್ಲವೇ ನಸುಕಿನಲ್ಲಿ ಪೂರ್ವಕ್ಕೆ ಥಳಥಳ ಹೊಳೆಯುತ್ತಿದ್ದರೆ ಬಹುಮಟ್ಟಿಗೆ ಶುಕ್ರ. ಅದ್ಯಾವುದೂ ಅಲ್ಲ ಅನಿಸಿದರೆ ಮರುದಿನ ಅದೇ ಹೊತ್ತಿಗೆ ಮತ್ತೆ ನೋಡಿ, ಪಕ್ಕದೂರಿನ ಗೆಳೆಯರಿಗೂ ನೋಡಲು ಹೇಳಿ, ಆಮೇಲೆ ಬೆಂಗಳೂರಿನ ನೆಹರೂ ತಾರಾಲಯದವರನ್ನೋ ಖಭೌತ ಸಂಸ್ಥೆಯವರನ್ನೋ ಕೇಳಿ. ಫೋಟೋ ತೆಗೆದಿದ್ದರೆ ತೆಗೆದ ಹಾಗೆಯೇ ಕಳಿಸಿ, ಫಿಲ್ಟರ್ ಹಾಕಬೇಡಿ.